ಚಂದ್ರಿಯ ತಡಿ

ಮೆತ್ತಗಿನ ವಸ್ತು ಎಲ್ಲಿ ಕಂಡರೂ ಮನುಷ್ಯನಿಗೆ ಮೊದಲು ನೆನಪಾಗುವುದು ತನ್ನ ಕುಂಡೆ. ಈ ಮಾತನ್ನು ಇನ್ನಷ್ಟು ಸಭ್ಯವಾಗಿ ಹೇಳಬಹುದಿತ್ತು, ಆದರೆ ನನಗೆ ಬಂದಿರುವ ಸಿಟ್ಟು ಅಷ್ಟು ಸಭ್ಯವಾದದ್ದಲ್ಲ. ಗೊಳಸಂಗಿಯ ನಮ್ಮ ಮನೆಯಲ್ಲಿ ಒಂದು ಬಿಳಿ ಹೆಣ್ಣುಕುದುರೆಯಿದೆ, ಹೆಸರು ಚಂದ್ರಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯ ಮದುಮಕ್ಕಳನ್ನು ಮೆರವಣಿಗೆಯಲ್ಲಿ ಹೊರುವುದು ಅವಳ ಉದ್ಯೋಗ. ಹಗ್ಗ ಹಿಡಿದು ಮುಂದೆ ನಡೆಯುವುದು ನನ್ನದು. ಮದುಮಕ್ಕಳು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿದ್ದಾರೆ, ಚಂದ್ರಿಯ ಬೆನ್ನು ಮಾತ್ರ ಇದ್ದಷ್ಟೇ ಇದೆ. ಹೋದ ಸಲದ ಲಗ್ನಗಳಲ್ಲಿ ಜೀನು ಉಜ್ಜಿ ಉಜ್ಜಿ ಅವಳ ಬೆನ್ನು ಹುಣ್ಣಾಯಿತು. ಇನ್ನೊಮ್ಮೆ ಹೀಗಾದರೆ ಮೆರವಣಿಗೆ ಮರೆತುಬಿಡಿ ಎಂದು ದನದ ಡಾಕ್ಟರು ಹೇಳಿದ ದಿನ ನನಗೆ ಊಟ ಸೇರಲಿಲ್ಲ.

ಅದಕ್ಕೇ ನಿಡಗುಂದಿ ಹತ್ತಿರ ಹಿಂಡು ತರುಬಿ ಬೀಡುಬಿಟ್ಟಿದ್ದ ಕುರಿಗಾರ ಮಲ್ಲಪ್ಪನಿಂದ ಉಣ್ಣೆ ಸಮೇತ ಹದ ಮಾಡಿದ ಕುರಿ ತೊಗಲು ತಂದೆ. ಉಣ್ಣೆ ಬೆನ್ನಿಗೆ ತಾಗುವಂತೆ ಹಾಸಿ ಮೇಲೆ ಜೀನು ಬಿಗಿದರೆ ಉಜ್ಜುವುದಿಲ್ಲ, ಬೆವರನ್ನೂ ಹೀರುತ್ತದೆ. ಜೀನಿನ ಕೆಳಗಿನ ಇಂಥ ಮೆತ್ತೆಗೆ ನಾವು ತಡಿ ಎನ್ನುತ್ತೇವೆ. ‘ತಾಳು, ನಿಲ್ಲು’ ಎನ್ನುವುದಕ್ಕೂ ತಡಿ ಎಂದೇ ಅನ್ನುತ್ತೇವೆ. ಒಂದೇ ಪದಕ್ಕೆ ಎರಡು ಕೆಲಸ ಹಚ್ಚಿದ ಪುಣ್ಯಾತ್ಮ ಒಮ್ಮೆ ನನ್ನ ಕೈಗೆ ಸಿಗಬೇಕು.

ತಡಿ ಮನೆಗೆ ಬಂದದ್ದೇ ತಡ, ನೋಡಿದವರಿಗೆಲ್ಲ ಅದರ ಮೇಲೆ ಕಣ್ಣು. ಸಿಂದಗಿಯಿಂದ ಬಂದ ನನ್ನ ಷಡ್ಡಕ ಅದನ್ನು ಸವರಿ, “ಬೈಕ್ ಸೀಟಿಗೆ ಭಾರಿ ಆಗತೈತಲ್ರಿ,” ಎಂದ. ಇಂಡಿಯ ಮಾಸ್ತರರೊಬ್ಬರು ತಮ್ಮ ಕುರ್ಚಿಗೆ ಕೇಳಿದರು. ಕೊನೆಗೆ ನನ್ನ ಹೆಂಡತಿ ಶಾಂತಾ ಕೂಡ, “ರೊಟ್ಟಿ ಬಡಿಯೂವಾಗ ನೆಲ ಒತ್ತತೈತ್ರಿ, ನನಗೂ ಒಂದ ತರ್ರಿ,” ಎಂದಳು. ತಡಿ, ತರ್ತೇನಿ ಎಂದೆ. ಆಕೆಯೂ ಇವರ ಸಾಲಿಗೇ ಸೇರಿದಳಲ್ಲ ಎಂದು ಒಳಗೊಳಗೇ ಬೇಜಾರಾಯಿತು.

ಮೊನ್ನೆ ಮುದ್ದೇಬಿಹಾಳದ ಲಗ್ನದಲ್ಲಿ ಈ ಸ್ವಾರ್ಥ ತುದಿ ಮುಟ್ಟಿತು. ಮದುಮಗನ ಸೋದರಮಾವ ತಡಿಯ ಅಂಚು ಎಳೆದು ನೋಡಿದರು. “ನಮ್ಮ ಹುಡುಗ ನಾಜೂಕ ಅದಾನ್ರಿ. ಇದನ್ನ ಜೀನಿನ ಮ್ಯಾಲ ಹಾಕ್ರಿ.”

“ಅದು ಕುದರಿಗ್ರಿ!”

“ಕುದರಿಗೆ ದೇವರ ತೊಗಲ ಕೊಟ್ಟಾನಲ್ರಿ!”

ಎಲ್ಲರೂ ನಕ್ಕರು. ಅಷ್ಟರಲ್ಲಿ ಬ್ಯಾಂಡು ಶುರುವಾಗಿ ಚಂದ್ರಿ ಬೆದರಿದಳು. ನಾನು ಅವಳ ಕುತ್ತಿಗೆ ಸವರಿ ಸಮಾಧಾನ ಮಾಡುವಷ್ಟರಲ್ಲಿ ಮಾವನವರು ಜೀನಿನ ಪಟ್ಟಿ ಸಡಿಲಿಸಿಯೇ ಬಿಟ್ಟಿದ್ದರು. “ತಡಿ! ತಡಿ!” ಎಂದು ಕಿರುಚಿದೆ. ಸಿಟ್ಟಿನಲ್ಲಿ ‘ರಿ’ ಹಚ್ಚುವುದು ಮರೆತಿತ್ತು. ತಡೀರಿ ಎಂದಿದ್ದರೆ ನಿಲ್ಲುತ್ತಿದ್ದರೋ ಏನೋ! “ಹೌದ್ರಿ, ತಡೀನ ತಗ್ಯಾಕತ್ತೇನಿ,” ಎಂದು ಅವರು ಇನ್ನೂ ಜೋರಾಗಿ ಎಳೆದರು. ಕುರಿ ತೊಗಲು ಅವರ ಕೈಗೆ ಬಂತು.

ನನಗೆ ಮೈಯೆಲ್ಲ ಉರಿಯಿತು. “ಹೊತ್ತಾಕಿ ಬೆನ್ನ ಯಾರಿಗೂ ಕಾಣಂಗಿಲ್ಲಲ್ರಿ! ಮ್ಯಾಲ ಕುಂತಾವನ ಕುಂಡಿ ಅಷ್ಟ ಕಾಣತೈತಿ!” ಎಂದು ಕೂಗಿದೆ. ಬ್ಯಾಂಡಿನವರೂ ನಿಲ್ಲಿಸಿದರು. ಕೊನೆಗೆ ಮದುಮಗನೇ ಬಾಸಿಂಗದೊಳಗಿಂದ ಸಣ್ಣಗೆ, “ಮಾಮಾ, ಅದರದು ಅದಕ್ಕ ಹಾಕ್ರಿ. ನಾ ಹಂಗ ಕುಂದರ್ತೇನಿ,” ಎಂದ. ಮೆರವಣಿಗೆ ಮುಗಿದು ಜೀನು ಇಳಿಸಿದಾಗ ಚಂದ್ರಿಯ ಬೆನ್ನ ಮೇಲೆ ಒಂದು ಗೀರೂ ಇರಲಿಲ್ಲ.

ಗೆದ್ದ ಸಂಭ್ರಮದಲ್ಲಿ ಮನೆಗೆ ಬಂದು ಎಲ್ಲವನ್ನೂ ಕೈಬಾಯಿ ಆಡಿಸಿ ಹೇಳಿದೆ. ಶಾಂತಾ ರೊಟ್ಟಿ ಬಡಿಯುತ್ತಲೇ ಕೇಳಿದಳು.

“ಹೊತ್ತಾಕಿ ಬೆನ್ನ ಕಾಣಂಗಿಲ್ಲ ಅಂದ್ರ್ಯಾ?”

“ಎಲ್ಲಾರ ಮುಂದ ಅಂದೆ!”

“ಖರೇನ ಅಂದೀರಿ,” ಎಂದು ಆಕೆ ಸೊಂಟಕ್ಕೆ ಕೈಕೊಟ್ಟು ಬರೀ ನೆಲದ ಮೇಲೆ ಆ ಕಡೆಯಿಂದ ಈ ಕಡೆಗೆ ಸರಿದು ಕೂತಳು. ನನ್ನ ಸಂಭ್ರಮ ಅಲ್ಲೇ ಇಳಿಯಿತು.

“ತಡಿ, ನಾಳೇನ ಮಲ್ಲಪ್ಪನ ಕಡೆ ಹೋಗಿ ನಿನಗೂ ಒಂದ ತರ್ತೇನಿ,” ಎಂದೆ.

“ನಿಮ್ಮಲ್ಲಿ ಭೇದ ಇಲ್ಲ ಬಿಡ್ರಿ,” ಎಂದಳು ಶಾಂತಾ, ಇನ್ನೊಂದು ಹಿಟ್ಟಿನ ಉಂಡೆ ಕೈಗೆತ್ತಿಕೊಳ್ಳುತ್ತ. “ಕುದರಿಗೆ ಕೊಟ್ಟದ್ದೂ ತಡಿ, ನನಗ ಕೊಟ್ಟದ್ದೂ ತಡಿ.”