ನಲವತ್ತಮೂರು ಚೀಲ, ಒಂಬತ್ತು ಸಾಫ್ಟ್‌ವೇರ್

ನನ್ನ ತಮ್ಮ ಮದುವೆಗೆಂದು ನೋಡಿದ್ದು ಒಂದೇ ಒಂದು ಹುಡುಗಿಯನ್ನು. ಅದನ್ನೂ ಸರಿಯಾಗಿ ನೋಡಲಿಲ್ಲ, ಅವಲಕ್ಕಿ ತಿನ್ನುತ್ತಲೇ "ಆಗಲಿ" ಅಂದುಬಿಟ್ಟ. ಅದೇ ಮನುಷ್ಯ ಅರವತ್ತು ದಾಟಿದ ಮೇಲೆ ಕಂಪ್ಯೂಟರಿಗೊಂದು ಸಾಫ್ಟ್‌ವೇರ್ ಆರಿಸಲು ಕೂತು ಒಂಬತ್ತು ನೋಡಿದ, ಒಂಬತ್ತರಲ್ಲೂ ಕೊಂಕು ತೆಗೆದ. ಅವನ ಹೆಂಡತಿ ಬದುಕಿದ್ದರೆ, ಈ ಬುದ್ಧಿ ಆಗ ಎಲ್ಲಿತ್ತು ಎಂದು ಕೇಳುತ್ತಿದ್ದಳು. ಅವಳಿಲ್ಲ, ಮಕ್ಕಳೂ ಇಲ್ಲ. ಹಾಗಾಗಿ ಅವನನ್ನು ಕೇಳುವ ಕೆಲಸ ಅಕ್ಕನಾದ ನನ್ನ ಪಾಲಿಗೆ ಬಂದಿದೆ, ಅವನಿರುವುದೂ ನನ್ನ ಮನೆಯಲ್ಲೇ.

ಮಹಾಪೆಯ ಗೋದಾಮಿಗೆ ಹಮಾಲರನ್ನು ಕಳಿಸುವುದು ಅವನ ದಂಧೆ. ಒಟ್ಟು ನಲವತ್ತಮೂರು ಜನ, ಎಲ್ಲರೂ ವಿಜಯಪುರ, ಕಲಬುರಗಿ ಕಡೆಯವರು. ಆಫೀಸು ಅಂದರೆ ಡೊಂಬಿವಲಿಯ ನಮ್ಮ ಮನೆಯ ಹೊರಗಿನ ಕೋಣೆ. ದಾಖಲೆಗಳು ಅಂದರೆ ಆ ಕೋಣೆಯ ಗೋಡೆಗೆ ನಲವತ್ತಮೂರು ಮೊಳೆ, ಮೊಳೆಗೊಂದು ಕೈಚೀಲ. ಒಂದು ಸೀರೆ ಅಂಗಡಿಯದು, ಒಂದು ಔಷಧದ ಅಂಗಡಿಯದು, ಒಂದು ಯಾರದೋ ಮದುವೆಯಲ್ಲಿ ತೆಂಗಿನಕಾಯಿ ಹಾಕಿ ಕೊಟ್ಟದ್ದು. ಯಾವ ಚೀಲ ಯಾರದೆಂದು ಅವನೊಬ್ಬನಿಗೇ ಗೊತ್ತು. ಬೀಗರು ಬಂದಾಗ "ಏನ್ ವ್ಯಾಪಾರ ಸುರು ಮಾಡೀರಿ?" ಎಂದು ಕೇಳಿದರು. "ಮಂದಿ ಮಾರತೇವ್ರಿ" ಅಂದೆ. ಇನ್ನೇನು ಹೇಳಲಿ?

ಹೀಗಿರುವಾಗ ಗೋದಾಮಿನ ಮ್ಯಾನೇಜರು ಹೇಳಿ ಕಳಿಸಿದರು: ಎಲ್ಲರ ದಾಖಲೆ ಒಂದು ತಿಂಗಳೊಳಗೆ ಕಂಪ್ಯೂಟರಿನಲ್ಲಿರಬೇಕು, ಹೆಸರು ಒತ್ತಿದರೆ ಮನುಷ್ಯನ ವಿವರ ಬರಬೇಕು, ಇಲ್ಲದಿದ್ದರೆ ಗುತ್ತಿಗೆ ಬೇರೆಯವರಿಗೆ. ನಲವತ್ತಮೂರು ಮನೆಯ ಒಲೆ ಉರಿಯುವುದು ಆ ಗುತ್ತಿಗೆಯ ಮೇಲೆ. ಚೀಲಗಳಿಗೆ ನಾನು ಎಷ್ಟು ಬೈದಿದ್ದರೂ ಅಂದು ನನಗೂ ಊಟ ಸೇರಲಿಲ್ಲ.

ಮೊದಲು ಠಾಣೆಯಿಂದ ಟೈ ಕಟ್ಟಿಕೊಂಡು ಒಬ್ಬರು ಸಾಫ್ಟ್‌ವೇರ್ ಮಾರಲು ಬಂದರು. ಬೆಳಗಾವಿ ಕಡೆಯವರು, ಕನ್ನಡ ಬರುತ್ತಿತ್ತು. ಅದೇ ಅವರಿಗೆ ಮುಳುವಾಯಿತು. ತಲೆಗಿಷ್ಟು ಎಂದು ತಿಂಗಳ ಬಾಡಿಗೆ ಹೇಳಿದರು.

"ಕಾರಹುಣ್ಣಿಮಿಗೆ ಅರ್ಧಾ ಮಂದಿ ಊರಿಗೆ ಹೋಗತಾರ. ಆವಾಗ ಅರ್ಧಾ ಬಾಡಿಗಿ ತಗೋತೀರೇನು?" ಅಂದ ತಮ್ಮ.

"ಹಂಗ ಬರೂದಿಲ್ರಿ ಕಾಕಾ."

"ಇರಲಿ. ಗೋದಾಮಿನಾಗ ಒಬ್ಬಗ ಏನರ ಆದ್ರ ಮನಿಗೆ ಹ್ಯಾಂಗ ತಿಳಸಬೇಕು ಅಂತ ಎಲ್ಲಿ ಬರೀಲಿ?"

"ಇಲ್ಲೇ ಐತಿ ನೋಡ್ರಿ. ಒಂದು ಹೆಸರು, ಒಂದು ಫೋನ್ ನಂಬರ್."

"ಅಷ್ಟು ಸಾಲಂಗಿಲ್ಲ. ತಾಯಿಗೆ ನೇರ ಫೋನ್ ಹಚ್ಚಬಾರದು. ಮೊದಲ ಸೋದರಮಾವಗ ಹೇಳಬೇಕು. ಅಂವ ಮನಿಗೆ ಹೋಗಬೇಕು, ಕಟ್ಟಿ ಮ್ಯಾಲೆ ಕುಂಡ್ರಬೇಕು, ನೀರು ಕುಡೀಬೇಕು, ಮಳಿ ಬೆಳಿ ಮಾತಾಡಬೇಕು. ಆಮ್ಯಾಲೆ ಹೇಳಬೇಕು."

"ಕಾಕಾ, ಮಳಿ ಬೆಳಿಗೆ ಇದರಾಗ ಜಾಗಾ ಇಲ್ರಿ."

ಅವರು ಚಹಾ ಕುಡಿದು ಹೋದರು. ಆಮೇಲೆ ಬಂದ ಏಳು ಸಾಫ್ಟ್‌ವೇರುಗಳೂ ಇದೇ ಪ್ರಶ್ನೆಗೆ ಬಿದ್ದವು. ತಿಂಗಳು ಮಾತ್ರ ಕರಗುತ್ತಿತ್ತು.

ಒಂಬತ್ತನೆಯದನ್ನು ತಂದವಳು ನನ್ನ ಮೊಮ್ಮಗಳು. ನೆರೂಳದ ಕಾಲೇಜಿಗೆ ಹೋಗುತ್ತಾಳೆ. ನಾವು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವ ಜಾತಿ. "ಅಜ್ಜಾ, ದಸ್ ಲೋಗ್ ತಕ್ ಫ್ರೀ ಹೈ" ಅಂದಳು. ಹತ್ತು ಜನರ ತನಕ ದುಡ್ಡಿಲ್ಲವಂತೆ.

"ಹಂಗಾರ ಐದು ಸಲ ಫ್ರೀ ತಗೋ" ಅಂದ ತಮ್ಮ.

ಸರಿ, ನಲವತ್ತಮೂರು ಜನರನ್ನು ಐದು ಗುಂಪು ಮಾಡಲು ಇಬ್ಬರೂ ಕೂತರು. "ಇವರಿಬ್ಬರನ್ನ ಒಂದರಾಗ ಹಾಕಬ್ಯಾಡ, ಹೊಲದ ಬದುವಿನ ಜಗಳಾ ಐತಿ. ಇವರು ಮಾವ ಅಳಿಯ, ಬಿಡಸಬ್ಯಾಡ."

"ಅಜ್ಜಾ, ಯೇ ಕಂಪ್ಯೂಟರ್ ಹೈ, ಖೋಲಿ ನಹೀ!"

ಹಮಾಲರು ಮಲಗುವ ಖೋಲಿಯಲ್ಲ ಎಂದರೆ ಅವನು ಕೇಳಬೇಕಲ್ಲ? ಸಂಜೆಯ ಹೊತ್ತಿಗೆ ಒಂದು ಗುಂಪಿನಲ್ಲಿ ಹತ್ತರ ಮಿತಿ ಮೀರಿ ಹದಿನೇಳು ಜನ, ಇನ್ನೊಂದರಲ್ಲಿ ಒಬ್ಬನೇ ಒಬ್ಬ. ಅವನೊಂದಿಗೆ ಯಾರಿಗೂ ಆಗಿಬರುವುದಿಲ್ಲವಂತೆ. ಇಡೀ ಒಂದು ಸಾಫ್ಟ್‌ವೇರು ಆ ಪುಣ್ಯಾತ್ಮನೊಬ್ಬನಿಗೇ!

ನಾನು ಬಾಗಿಲಲ್ಲಿ ನಿಂತು ಉಗಿದೆ. "ಮಂದಿ ಕೆಲಸಾ ಹೋದ ಮ್ಯಾಲೆ ಯಾರನ್ನ ಯಾರ ಬಾಜೂಕ ಕುಂಡ್ರಸ್ತೀ?" ತಮ್ಮ ಕಂಪ್ಯೂಟರನ್ನು ಮೊಮ್ಮಗಳ ಕಡೆ ಸರಿಸಿದ. ಮೊಮ್ಮಗಳು ಎಲ್ಲವನ್ನೂ ಅಳಿಸಿ ಹತ್ತನೆಯದೊಂದನ್ನು ತೆರೆದಳು. ಅದಕ್ಕೂ ದುಡ್ಡಿಲ್ಲ, ಎಷ್ಟು ಜನರಾದರೂ ಸರಿ, ಖಾನೆಗಳನ್ನು ನಾವೇ ಹಾಕಿಕೊಳ್ಳಬಹುದು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟ ನನಗೂ ತಿಳಿಯುವಂಥದ್ದು: ಅಡ್ಡ ಗೆರೆ, ಉದ್ದ ಗೆರೆ, ನಡುವೆ ಮನುಷ್ಯ. ಅದರಲ್ಲಿ ಅವಳು ಒಂದು ಅಗಲವಾದ ಖಾನೆ ಹಾಕಿದಳು: ಮನೆಗೆ ತಿಳಿಸುವ ಬಗೆ.

ಗುತ್ತಿಗೆ ಉಳಿಯಿತು, ಅದನ್ನು ಈಗಲೇ ಹೇಳಿಬಿಡುತ್ತೇನೆ. ಹೇಳಬೇಕಾದದ್ದು ಬೇರೆ ಇದೆ.

ಆಧಾರ್ ನಂಬರಿಗೆ, ಹುಟ್ಟಿದ ತಾರೀಖಿಗೆ ಚೀಲ ಬಿಚ್ಚುತ್ತಿದ್ದ ತಮ್ಮ ಆ ಖಾನೆಗೆ ಮಾತ್ರ ಒಂದು ಚೀಲವನ್ನೂ ಮುಟ್ಟಲಿಲ್ಲ. ಗೋಡೆ ನೋಡುತ್ತಾ ಹೇಳುತ್ತಾ ಹೋದ. "ಇವನ ಹೆಂಡತಿಗೇ ನೇರ ಹೇಳ್ರಿ, ಆಕಿ ಗಟ್ಟಿ ಹೆಣ್ಮಗಳು. ಇವನ ಅಣ್ಣಗ ಮುಂಜಾನೆ ಹೇಳ್ರಿ, ಸಂಜಿಕ ಕುಡದಿರತಾನ. ಇವನಿಗೆ ಯಾರೂ ಇಲ್ಲ, ನನಗ ಹೇಳ್ರಿ." ಮೂರು ದಿನದಲ್ಲಿ ನಲವತ್ತಮೂರೂ ಮುಗಿದವು. ಗುತ್ತಿಗೆದಾರನ ದಾಖಲೆಯೂ ಬೇಕೆಂದು ಮ್ಯಾನೇಜರು ಹೇಳಿದ್ದರು. ನಲವತ್ತನಾಲ್ಕನೆಯದಾಗಿ ಮೊಮ್ಮಗಳು ಅವನ ಹೆಸರು ಒತ್ತಿ, ಕೊನೆಗೆ ಆ ಖಾನೆಗೆ ಬಂದಳು.

"ಔರ್ ಆಪ್ ಕಾ, ಅಜ್ಜಾ?"

ಅಡುಗೆಮನೆಯಲ್ಲಿದ್ದ ನನಗೆ ಕೇಳಿಸದಿರಲೆಂದು ಅವನು ದನಿ ತಗ್ಗಿಸಿದ. ಕುಕ್ಕರು ಕೂಗಿ ನಿಂತಿತ್ತು, ನನಗೆ ಎಲ್ಲ ಕೇಳಿಸಿತು.

"ಅಕ್ಕಗ ಫೋನ್ ಹಚ್ಚಬ್ಯಾಡ್ರಿ ಅಂತ ಬರಿ. ಮೊದಲ ನಿನಗ ಹೇಳಲಿ. ನೀ ಬಂದು ಆಕಿ ಬಾಜೂಕ ಕೂಡು. ಬಿಪಿ ಗುಳಿಗಿ ತಗೊಂಡಾಳೋ ಇಲ್ಲೋ ಕೇಳು. ಬೈತಾಳ, ಬೈಸಿಕೋ. ಆಮ್ಯಾಲೆ ಸಾವಕಾಶ ಹೇಳು."

ನಾನು ಸೆರಗಿಗೆ ಕೈ ಒರೆಸುತ್ತಾ ಹೊರಗೆ ಬಂದೆ. "ಲೇ, ನಾ ನಿನಗಿಂತ ಆರು ವರ್ಷ ದೊಡ್ಡಾಕಿ. ಮೊದಲ ಹೋಗಾಕಿ ನಾ. ಅದನ್ನ ಅಳಸು" ಅಂದೆ.

"ಅಳಸಬ್ಯಾಡವಾ" ಅಂದ ಅವನು, ನನ್ನ ಮುಖ ನೋಡದೆ, ಅವಳಿಗೆ.

"ನಹೀ ಅಳಸ್ತೀ" ಎಂದು ಮೊಮ್ಮಗಳು ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಹೇಳಿ, ಮೂಗು ಒರೆಸಿಕೊಂಡು, ಮಿಕ್ಕದ್ದನ್ನೂ ಒತ್ತಿದಳು. ನಾನು ಒಳಗೆ ಹೋಗಿ ಗುಳಿಗೆ ನುಂಗಿದೆ. ಅಂದು ನಿಜವಾಗಿಯೂ ಮರೆತಿದ್ದೆ.