ಜಿದ್ದಾದಲ್ಲಿ ನಿಂತು ಊರಿನ ಕಲ್ಲೆಣಿಸಿದ್ದು

ಸುಮ್ಮನೆ ಕೂರುವ ವಿದ್ಯೆ ನನಗೆ ಈ ಜನ್ಮದಲ್ಲಿ ಬರಲಿಲ್ಲ. ಶುಕ್ರವಾರ ಜಿದ್ದಾದ ಶರಫಿಯಾ ಬಡಾವಣೆಯ ನಮ್ಮ ಕೋಣೆಯಲ್ಲಿ ಉಳಿದವರು ಬಿರಿಯಾನಿ ಉಂಡು ಹೊದ್ದು ಮಲಗಿದರೆ, ನಾನು ಎ.ಸಿ.ಯ ಜಾಲರಿ ತೊಳೆಯುತ್ತೇನೆ. ತೊಳೆದದ್ದನ್ನೇ ಮತ್ತೆ ತೊಳೆಯುತ್ತೇನೆ. ಅಂಥದೊಂದು ಮಧ್ಯಾಹ್ನ ಮೊಬೈಲಿನ ನಕ್ಷೆಯಲ್ಲಿ ಊರು ಹುಡುಕಿದೆ. ಕುಂದಾಪುರದ ಬಡಗು ದಿಕ್ಕಿಗಿರುವ ನಮ್ಮ ಕಲ್ಲು ತುಂಬಿದ ಕಡಲತಡಿಯಲ್ಲಿ ಯಾರದೋ ರೆಸಾರ್ಟಿಗೆ ಹೆಸರಿದೆ, ಒಂದೇ ಒಂದು ಬಂಡೆಗೆ ಹೆಸರಿಲ್ಲ. ಹೊಟ್ಟೆ ಉರಿದುಹೋಯಿತು. ನಾನೇ ಬರೆದು ಸೇರಿಸುತ್ತೇನೆ ಎಂದು ಹಟ ಹಿಡಿದೆ.

ಹೆಸರು ಬಲ್ಲವರು ಪಕ್ಕದ ಮಂಚದಲ್ಲೇ ಗೊರಕೆ ಹೊಡೆಯುತ್ತಿದ್ದರು. ಶೀನಣ್ಣ ಊರಿನಲ್ಲಿ ದೋಣಿ ನಡೆಸುವ ತಾಂಡೇಲ, ಇಲ್ಲಿ ಮೀನಂಗಡಿಯಲ್ಲಿ ಮೀನು ಕೊಯ್ಯುವವರು. ಮೂರು ವಾರ ಕಳೆದರೆ ಕಾಯಂ ಊರಿಗೆ ಹೊರಟವರು. ಅವರಿಗೆ ಆಗಲೇ ಮರೆವು ಹತ್ತಿತ್ತು, ನನ್ನ ರಜೆಯೋ ಎರಡು ವರ್ಷಕ್ಕೊಮ್ಮೆ. ಈಗ ಬರೆದುಕೊಳ್ಳದಿದ್ದರೆ ಆ ಹೆಸರುಗಳ ಕತೆ ಮುಗಿದಂತೆಯೇ. ಎಬ್ಬಿಸಿ ಕೇಳಿದರೆ ಅವರು, "ಗ್ವಾಡಿ ಕಂಡ್ಕಂಡ್ ಹೆಸ್ರ್ ಬತ್ತಿಲ್ಲೆ ಮಾರಾಯ. ಕಡ್ಲಿಗ್ ಹೋಯ್ಕ್" ಎಂದರು.

ಕೋಣೆಯ ಗೋಡೆ ನೋಡುತ್ತಾ ಹೆಸರು ನೆನಪಾಗದೆಂದ ಮೇಲೆ ಟ್ಯಾಕ್ಸಿ ಹಿಡಿದು ಕಡಲ ದಂಡೆಗೆ ಹೋದೆವು. ಶೀನಣ್ಣ ಕೆಂಪು ಸಮುದ್ರವನ್ನು ಒಮ್ಮೆ ನೋಡಿ, ಅದಕ್ಕೆ ಬೆನ್ನು ಹಾಕಿ ನಿಂತರು! ದೋಣಿಯವರು ದಡವನ್ನು ಯಾವತ್ತೂ ನೋಡುವುದು ನೀರಿನ ಕಡೆಯಿಂದಲೇ ಅಂತೆ. ಎಡಗೈ ಬಡಗು, ಬಲಗೈ ತೆಂಕು, ಎದುರಿಗೆ, ಊರಿನ ಬಂಡೆಗಳ ಜಾಗದಲ್ಲಿ, ಜಿದ್ದಾದ ಕಟ್ಟಡಗಳು. ಆ ಗಾಜಿನ ಹೋಟೆಲು ಗಂಜಿಕಲ್ಲಾಯಿತು. ಮುಂಜಾನೆ ಹೊರಟ ದೋಣಿ ಅಲ್ಲಿಗೆ ಮುಟ್ಟಿದ ಮೇಲೆಯೇ ಬುತ್ತಿ ಬಿಚ್ಚುವುದು. ನೀರಿನ ಟ್ಯಾಂಕು ಬಾಯ್ಮುಚ್ಚು ಕೊರಕಲಾಯಿತು. ಅಲ್ಲಿ ಸುಳಿ ಇರುವುದರಿಂದ ಯಾರೂ ಮಾತಾಡುವಂತಿಲ್ಲ. ಎಲ್ಲರೂ ಸಮುದ್ರದ ಮುಂದೆ ಫೋಟೊ ತೆಗೆಸಿಕೊಳ್ಳುವಾಗ ನಾವಿಬ್ಬರು ಕಟ್ಟಡಗಳಿಗೆ ಕೈ ತೋರಿಸಿ ಬರೆದುಕೊಳ್ಳುವುದನ್ನು ಕಂಡು ಕಾವಲಿನವನಿಗೆ ಅನುಮಾನ ಬಂತು. "ಯಲ್ಲಾ, ಯಲ್ಲಾ" ಎಂದು ಓಡಿಸಿದ. ಮರುವಾರ ಬೇರೆ ಕಡೆ ನಿಂತೆವು.

ಎರಡು ಶುಕ್ರವಾರಕ್ಕೆ ನನ್ನ ಪುಸ್ತಕದಲ್ಲಿ ನಲವತ್ತು ಹೆಸರು, ಪಕ್ಕದ ಕಾಲಮಿನಲ್ಲಿ ಅವುಗಳ ಅರ್ಥ ಸೇರಿದವು. ಆದರೆ ಪ್ರತಿ ಸಲವೂ ಗಂಜಿಕಲ್ಲು ಮುಗಿಯುತ್ತಿದ್ದಂತೆ ಶೀನಣ್ಣನಿಗೆ ಕೆಮ್ಮು ಬರುತ್ತಿತ್ತು. ಕೆಮ್ಮಿ ಮುಗಿಸುವಾಗ ಅದರ ಪಕ್ಕದ ಬಂಡೆಯ ಹೆಸರು ಹಾರಿಹೋಗಿರುತ್ತಿತ್ತು. ಮೊಬೈಲಿನ ನಕ್ಷೆಯ ಚಿತ್ರದಲ್ಲಿ ಆ ಬಂಡೆ ಕಪ್ಪಗೆ, ಎಮ್ಮೆಯಷ್ಟು ಸ್ಪಷ್ಟವಾಗಿ ಕಾಣುತ್ತದೆ. "ಅದ್ ಬ್ಯಾಡ ಬಿಡ್" ಎಂದರು. ಬಿಡುವ ಜಾತಿಯೇ ನಾನು? ಅಡುಗೆ ಮಾಡುವಾಗ ಕೇಳಿದೆ, ಪೆಟ್ಟಿಗೆ ಕಟ್ಟುವಾಗ ಕೇಳಿದೆ. ಇತಿಹಾಸದಲ್ಲಿ ಒಂದಕ್ಷರ ಮುಚ್ಚಿಡಬಾರದು ಎಂದು ಭಾಷಣ ಬಿಗಿದೆ. ಅವರಿಲ್ಲದ ಕೋಣೆಯನ್ನು ನೆನೆದರೆ ಎದೆ ಭಾರವಾಗುತ್ತಿತ್ತು. ಅದನ್ನು ಹೇಳಲು ಬಾರದೆ ಕಲ್ಲಿನ ವಿಷಯವನ್ನೇ ತೆಗೆಯುತ್ತಿದ್ದೆ.

ವಿಮಾನ ನಿಲ್ದಾಣದಲ್ಲಿ ಸಾಲು ಕರಗುತ್ತಾ ಬಂದಾಗ ಶೀನಣ್ಣನೇ ನನ್ನ ಕೈ ಹಿಡಿದುಕೊಂಡರು.

"ಬರ್ಕೊ. ನಿದ್ದಿ ತಿಮ್ಮನ ಕಲ್ಲ್."

"ಯಾವ ತಿಮ್ಮ?"

"ನಿನ್ನ ಅಜ್ಜಯ್ಯ ಮಾರಾಯ. ಹಾಡಹಗಲಿಗೆ ಚುಕ್ಕಾಣಿ ಹಿಡ್ಕಂಡೇ ನಿದ್ದಿ ಮಾಡಿ, ಒಂದ್ ಅಲಿ ಇಲ್ದಿದ್ ಕಡ್ಲಲ್ ದೋಣಿನ ಆ ಕಲ್ಲಿಗ್ ಹತ್ಸಿದ್ರ್. ಎಲ್ರೂ ಮೊಣಕಾಲ್ ನೀರಲ್ ನಡ್ಕಂಡ್ ಮನಿಗ್ ಬಂದ್ರ್. ನಿಂಗ್ ಬೇಜಾರಾತ್ತ್ ಅಂದೇಳಿ ಹೇಳ್ಲಿಲ್ಲೆ."

ಅವರು ಒಳಗೆ ಹೋದ ಮೇಲೆ, ಟ್ಯಾಕ್ಸಿಯಲ್ಲಿ ಕುಳಿತು ಪುಸ್ತಕ ತೆಗೆದೆ. ಹೆಸರನ್ನು ಪ್ರಾಮಾಣಿಕವಾಗಿ, ದುಂಡಗೆ ಬರೆದೆ. ಅದರ ಮುಂದೆ, ಅರ್ಥದ ಕಾಲಮಿನಲ್ಲಿ, ಇನ್ನೂ ದುಂಡಗೆ ಬರೆದೆ: "ತಿಳಿದುಬಂದಿಲ್ಲ."