ಸ್ಟುಡಿಯೋದವರ ಹಿತ್ತಿಲ ಹಣ್ಣು

ಬೆಳಿಗ್ಗೆ ಹಲ್ಲುಜ್ಜುತ್ತಾ ಹಿತ್ತಿಲಲ್ಲಿ ನಿಂತಿದ್ದ ಫೋಟೋ ಸ್ಟುಡಿಯೋದವರ ತಲೆಯ ಮೇಲೆ ಒಂದು ಹಣ್ಣು ಬಿತ್ತು. ನೋವಾಯಿತು, ಆದರೆ ನೋವಿಗಿಂತ ಹೆಮ್ಮೆ ಹೆಚ್ಚಾಯಿತು. ಇಷ್ಟು ವರ್ಷ ಅವರು ನೆಟ್ಟ ಗಿಡಗಳೆಲ್ಲ ಒಣಗಿ ಕಡ್ಡಿಯಾಗಿದ್ದವು. ತಾನಾಗಿ ಹುಟ್ಟಿದ ಈ ಮರ ಮಾತ್ರ, ಅವರ ಆರೈಕೆಯಿಂದ ತಪ್ಪಿಸಿಕೊಂಡದ್ದಕ್ಕೋ ಏನೋ, ಕಾಂಪೌಂಡು ಮೀರಿ ಬೆಳೆದು ಮೊದಲ ಬಾರಿ ಹಣ್ಣು ಬಿಟ್ಟಿತ್ತು. ನೇರಳೆ ಬಣ್ಣ, ನಿಂಬೆಯ ಗಾತ್ರ. ಯಾವ ಹಣ್ಣೋ ಯಾರಿಗೂ ಗೊತ್ತಿಲ್ಲ.

ಒರೆಸಿ, ಹೆದರಿ ಹೆದರಿ ಕಚ್ಚಿದರು. ಸಿಹಿಯಾಗಿತ್ತು. ಬಾಯಿ ಮುಕ್ಕಳಿಸುವಷ್ಟೂ ತಾಳ್ಮೆಯಿಲ್ಲದೆ ಹೆಂಡತಿಯ ಅಣ್ಣನಿಗೆ ಫೋನ್ ಮಾಡಿದರು. ಆ ಭಾವ ವರ್ಷಾ ವರ್ಷಾ ತಮ್ಮ ತೋಟದ ಹಣ್ಣು ಒಂದು ಬುಟ್ಟಿ ಕಳಿಸುತ್ತಿದ್ದರು. "ಪಾಪ, ನಿಮ್ಮಲ್ಲಿ ಏನೂ ಬೆಳೆಯಲ್ಲವಲ್ಲ" ಎಂಬ ಮಾತೂ ಬುಟ್ಟಿಯ ಜೊತೆಗೇ ಬರುತ್ತಿತ್ತು.

"ಭಾವ, ಬರೋ ವರ್ಷ ಬುಟ್ಟಿ ನಮ್ಮ ಕಡೆಯಿಂದ ಬರುತ್ತೆ. ನೀವು ತೊಂದರೆ ತಗೋಬೇಡಿ."

"ಹೌದಾ? ಯಾವ ಹಣ್ಣು?"

ಸ್ಟುಡಿಯೋದವರು ಮೇಲೆ ನೋಡಿದರು. ಮರ ಏನೂ ಹೇಳಲಿಲ್ಲ. "ಬುಟ್ಟಿ ಬಂದಾಗ ನೋಡುವಿರಂತೆ" ಎಂದು ಫೋನ್ ಇಟ್ಟರು. ಹೀಗೆ ಮರದ ಹೆಸರು ಅವರ ಮಾನದ ಪ್ರಶ್ನೆಯಾಯಿತು.

ಅಷ್ಟರಲ್ಲಿ ಗೋಡೆಯ ಮೇಲೆ ಪಕ್ಕದ ಮನೆಯ ರಿಟೈರ್ಡ್ ಕಂಡಕ್ಟರ್ ಅವರ ತಲೆ ಮೂಡಿತು.

"ತಿಂದ್ರಾ ಸಾರ್? ಹೊಟ್ಟೆಯಲ್ಲಿ ಏನಾದರೂ ಆಗ್ತಿದೆಯಾ?"

"ಏನೂ ಆಗ್ತಿಲ್ಲ."

"ಹಾಗಾದ್ರೆ ನನಗೂ ಒಂದು ಕೊಡಿ."

ಒಂದನ್ನು ತಿಂದು, ಕಣ್ಣು ಮುಚ್ಚಿ, "ಇದು ಸೀಬೆ ಜಾತಿ" ಎಂದರು. ಇನ್ನೊಂದನ್ನು ತಿಂದು, "ಅಲ್ಲ ಅಲ್ಲ, ಅಂಜೂರದ ಕಡೆಯದು" ಎಂದರು. ಎದುರುಮನೆಯ ಔಷಧಿ ಅಂಗಡಿಯವರು ಬಂದು ಮೂಸಿ, ಕೆಮ್ಮಿನ ಸಿರಪ್ಪಿನ ವಾಸನೆಯಿದೆ, ಇದು ಔಷಧಿ ಗಿಡವೇ ಸರಿ ಎಂದು ಜೇಬು ತುಂಬಿಸಿಕೊಂಡು ಹೋದರು. ಮಧ್ಯಾಹ್ನದೊಳಗೆ ಬೀದಿಗೆ ಬೀದಿಯೇ ಬಂದು ಹೆಸರಿಟ್ಟಿತು, ತಿಂದಿತು, ಹೋಯಿತು. ಸ್ಟುಡಿಯೋದವರು ಮಾತ್ರ ಮದುವೆಮನೆಯ ಯಜಮಾನರಂತೆ ಬಾಗಿಲಲ್ಲಿ ನಿಂತು ಎಲ್ಲರನ್ನೂ ಬರಮಾಡಿಕೊಂಡರು.

ಹೆಂಡತಿಗೆ ತಡೆಯಲಿಲ್ಲ. "ಇವರು ಹೆಸರು ಹೇಳಿ ಮುಗಿಸೋದರೊಳಗೆ ಹಣ್ಣೇ ಮುಗಿಯುತ್ತೆ ಕಣ್ರೀ. ಕಾಲೇಜಲ್ಲಿ ಸಸ್ಯಶಾಸ್ತ್ರದ ಮೇಡಂ ಇದಾರಲ್ಲ, ಒಂದು ಫೋಟೋ ತೆಗೆದು ಕಳಿಸಬಾರದಾ? ಊರವರ ಫೋಟೋ ಎಲ್ಲಾ ತೆಗೀತೀರಿ."

ಈ ಮಾತು ನಾಟಿತು. ಕ್ಯಾಮೆರಾ ಬಂತು, ಸ್ಟ್ಯಾಂಡು ಬಂತು. ಆದರೆ ಸ್ಟುಡಿಯೋದವರಿಗೆ ಒಂದು ಗೀಳು: ಹಿನ್ನೆಲೆ ಶುಭ್ರವಾಗಿರಬೇಕು. ಹಿಂದೆ ಅಡ್ಡಾದಿಡ್ಡಿ ನಿಂತಿದ್ದರೆಂದು ಮದುವೆ ಫೋಟೋದಿಂದ ಮದುಮಗನ ಸೋದರಮಾವನನ್ನೇ ಆಚೆ ಕಳಿಸಿದ್ದವರು ಅವರು. ಈಗ ನೋಡಿದರೆ ಮರದ ಬೆನ್ನಿಗೇ ಇನ್ನೊಂದು ಸಣಕಲು ಮರ ಫ್ರೇಮಿಗೆ ತಲೆ ತೂರಿಸುತ್ತಿತ್ತು. ಹಣ್ಣಿಲ್ಲ, ನೆರಳಿಲ್ಲ, ಯಾವ ಕೆಲಸಕ್ಕೂ ಬಾರದ್ದು.

"ತೆಗೆದುಬಿಡಿ ಸಾರ್," ಎಂದರು ಕಂಡಕ್ಟರ್. "ನನಗೂ ಬಟ್ಟೆ ಹಗ್ಗಕ್ಕೊಂದು ಕಂಬ ಬೇಕಿತ್ತು. ತಾಳಿ, ನಾನೇ ಬಂದು ಕಡೀತೀನಿ."

"ನನ್ನ ಹಿತ್ತಿಲಿಗೆ ನಾನೇ ಕೈ ಹಾಕಬೇಕು, ಬೇರೆಯವರು ಬೇಡ," ಎಂದು ಸ್ಟುಡಿಯೋದವರು ಪಂಚೆ ಮೇಲೆ ಕಟ್ಟಿದರು. ಕೊಡಲಿಯಿಂದ ಕಡಿದರು. ಬುಡ ಫ್ರೇಮಿನಲ್ಲಿ ಕಾಣುತ್ತದೆಂದು ಹಾರೆ ಹಾಕಿ ಅದನ್ನೂ ಅಗೆದು ತೆಗೆದು, ನೆಲ ಸಮ ಮಾಡಿದರು. ಬೆವರು ಒರೆಸಿಕೊಂಡು ತೆಗೆದ ಫೋಟೋ ಕ್ಯಾಲೆಂಡರಿಗೆ ಹಾಕುವಂತೆ ಬಂತು.

ಫೋಟೋ ಕಂಡ ಮೇಡಂ ಸಂಜೆಯೇ ಸ್ಕೂಟರಿನಲ್ಲಿ ಓಡಿ ಬಂದರು. ಎಲೆ ಮುಟ್ಟಿದರು, ಹಣ್ಣು ಕುಯ್ದರು, ಭೂತಗನ್ನಡಿ ಹಿಡಿದು ಬೀಜ ನೋಡಿದರು. ಬೀದಿಯೆಲ್ಲ ಉಸಿರು ಬಿಗಿಹಿಡಿದು ನಿಂತಿತ್ತು.

"ಇದನ್ನ ನಾನು ಪುಸ್ತಕದಲ್ಲಿ ಬಿಟ್ಟರೆ ಎಲ್ಲೂ ನೋಡಿಲ್ಲ ಸಾರ್. ಈ ಸುತ್ತಮುತ್ತ ಈ ಜಾತಿ ಇರೋದು ಇದೇ ಹಿತ್ತಿಲಲ್ಲಿ," ಎಂದು ಅರ್ಧ ಬೀದಿಯಷ್ಟು ಉದ್ದದ ಒಂದು ಹೆಸರು ಹೇಳಿದರು.

ಸ್ಟುಡಿಯೋದವರ ಎದೆ ಉಬ್ಬಿತು. ಹೆಂಡತಿ ಅವರನ್ನು ಮದುವೆಯಾದ ಹೊಸದರಲ್ಲಿ ನೋಡಿದ ಹಾಗೆ ನೋಡಿದರು. ಉಳಿದಿದ್ದ ಹಣ್ಣುಗಳನ್ನು ಕಾಲೇಜಿಗೆಂದು ಮೇಡಂ ಚೀಲಕ್ಕೆ ಹಾಕಿಕೊಂಡರೂ ಬೇಸರವಾಗಲಿಲ್ಲ.

"ಬರೋ ವರ್ಷ ಒಂದು ಬುಟ್ಟಿಯಾದರೂ ಸಿಗುತ್ತಾ ಮೇಡಂ?"

"ಒಂದೇನು, ಹತ್ತು ಸಿಗುತ್ತೆ. ಇದು ಹೆಣ್ಣು ಮರ. ಗಂಡು ಮರದ ಹೂವಿನ ಪರಾಗ ಬಿದ್ದರೆ ಮಾತ್ರ ಕಾಯಿ ಕಟ್ಟೋದು. ಅದೂ ಇಲ್ಲೇ ಎಲ್ಲೋ ಇರಲೇಬೇಕು. ನೋಡೋಕೆ ಸಣಕಲು, ಹಣ್ಣು ಬಿಡಲ್ಲ, ಯಾರೂ ಲೆಕ್ಕಕ್ಕೆ ತಗೊಳಲ್ಲ. ಎಲ್ಲಿದೆ ತೋರಿಸಿ."

ಸ್ಟುಡಿಯೋದವರು ಮೆಲ್ಲಗೆ ಸರಿದು, ಸಮ ಮಾಡಿದ್ದ ನೆಲದ ಮೇಲೆ ನಿಂತರು. ಮೇಡಂ ಅತ್ತಿತ್ತ ಹುಡುಕುತ್ತಾ ಗೋಡೆಯ ಆಚೆ ಇಣುಕಿದರು. ಅಲ್ಲಿ ಗಂಡು ಮರ ಕಂಡಕ್ಟರ್ ಅವರ ಬನಿಯನ್‌ಗಳನ್ನು ಹೊತ್ತು ನೆಟ್ಟಗೆ ನಿಂತಿತ್ತು. ತುದಿಯಲ್ಲಿ ಇನ್ನೂ ಒಂದೆರಡು ಎಲೆಗಳಿದ್ದವು. ಮೇಡಂ ಒಂದನ್ನು ಕಿತ್ತು ಬಹಳ ಹೊತ್ತು ನೋಡಿದರು.

"ಯಾರು ಕಡಿದದ್ದು ಇದನ್ನ?"

ನೆರೆಯವರನ್ನು ಹೊಗಳುವ ಅವಕಾಶವನ್ನು ಕಂಡಕ್ಟರ್ ಬಿಡಲಿಲ್ಲ. "ಇವರೇ ಮೇಡಂ, ಒಬ್ಬರೇ. ಇನ್ನೊಬ್ಬರ ಕೈ ಸೋಕೋಕೂ ಬಿಡಲಿಲ್ಲ. ಬುಡ ಸಮೇತ ತೆಗೆದಿದಾರೆ."

ಹೆಂಡತಿ ಫೋನಿನಲ್ಲಿದ್ದ ಫೋಟೋವನ್ನು ಮತ್ತೊಮ್ಮೆ ನೋಡಿದರು.

"ಹಿನ್ನೆಲೆ ಮಾತ್ರ ಬಹಳ ಶುಭ್ರವಾಗಿ ಬಂದಿದೆ. ಬರೋ ವರ್ಷ ಇದನ್ನೇ ದೊಡ್ಡದು ಮಾಡಿಸಿ, ಬುಟ್ಟಿಯಲ್ಲಿಟ್ಟು ಅಣ್ಣನಿಗೆ ಕಳಿಸೋಣ ಬಿಡಿ."